ಗಾಂಜಾ ಬಿಟ್ಟ ಗಂಡ ಮೊದಲ ವಾರ ಸಿಡುಕುವುದೇಕೆ? ಹೆಂಡತಿ ಏನು ಮಾಡಬಹುದು?

ಗಾಂಜಾದಲ್ಲಿ ಮತ್ತೇರಿಸುವ ಟಿಎಚ್‌ಸಿ ಎಂಬ ಅಂಶಕ್ಕೆ ಒಗ್ಗಿಹೋದ ಮಿದುಳು, ಅದು ಸಿಗದಾಗ ಹಟ ಮಾಡುತ್ತದೆ. ಬಿಟ್ಟ ಒಂದೆರಡು ದಿನಕ್ಕೇ ಸಿಡುಕು, ನಿದ್ದೆಗೇಡು, ವಿಚಿತ್ರ ಕನಸು ಶುರು. ತಟ್ಟೆಗೆ ಬಡಿಸಿದ ಅನ್ನ ಹಾಗೇ ಉಳಿಯುತ್ತದೆ. ಮೊದಲ ವಾರ ಜೋರು, ಎರಡು-ಮೂರು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಈ ದಿನಗಳಲ್ಲಿ ಆಣೆ ಹಾಕಿಸುವುದು, ಜೇಬು ತಡಕುವುದು ವ್ಯರ್ಥ. ಜಗಳವೇ ಮತ್ತೆ ಸೇದಲು ನೆಪವಾದೀತು. ಹಾಗಂತ ಅವನ ಪರವಾಗಿ ಆಫೀಸಿಗೆ ಸುಳ್ಳು ಹೇಳುವುದೂ ಬೇಡ. ಈ ಚಟಕ್ಕೆಂದೇ ಮಾತ್ರೆಯಿಲ್ಲ, ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ಇಲ್ಲದ ದನಿ ಕೇಳಿಸತೊಡಗಿದರೆ ತಡಮಾಡದೆ ಮನೋವೈದ್ಯರ ಬಳಿ ಹೋಗಬೇಕು. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ದೂರವೆನಿಸಿದರೆ, ಮೊದಲು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಪೊಲೀಸರ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಕಿಲ್ಲ: ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ, ತಾನಾಗಿ ಮಾನ್ಯತೆಯುಳ್ಳ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆ ರದ್ದಾಗಬಹುದು.