ನಿಂತ ಮುಳ್ಳು ಮತ್ತೆ ಓಡುವಾಗ

ಮಿಗ್-21 ಯುದ್ಧವಿಮಾನದ ಕಾಕ್‌ಪಿಟ್‌ನಲ್ಲಿ ಕುಳಿತರೆ ಎದುರಿನ ಫಲಕದ ನಟ್ಟನಡುವೆ ಮೇಲಿಂದ ಕೆಳಕ್ಕೆ ಎಳೆದ ಬಿಳಿ ಗೆರೆಯೊಂದು ಕಾಣುತ್ತದೆ. ಅದು ಅಲಂಕಾರಕ್ಕೆ ಬಳಿದದ್ದಲ್ಲ. ವಿಮಾನ ಹಿಡಿತ ತಪ್ಪಿ ಬುಗುರಿಯಂತೆ ಸುತ್ತತೊಡಗಿದರೆ ಪೈಲಟ್‌ಗೆ ಎಡಬಲವೇ ತೋಚುವುದಿಲ್ಲ. ಆಗ ಕೈಯಲ್ಲಿರುವ, ವಿಮಾನ ನಡೆಸುವ ಕೋಲನ್ನು ಆ ಗೆರೆಯ ನೇರಕ್ಕೆ ತಂದರೆ ಸಾಕು, ಅದು ಸರಿಯಾಗಿ ನಡುವಿಗೆ ಬಂದಿರುತ್ತದೆ. ಹಳೆಯ ಕಾಕ್‌ಪಿಟ್ ಉಜ್ಜಿ ಹೊಸ ಬಣ್ಣ ಬಳಿಯಲು ಕೂತ ವಿದ್ಯಾರ್ಥಿ ಮೊದಲು ತಿಳಿಯಬೇಕಾದದ್ದು ಇಂಥ ಗೆರೆಗಳ ಕಥೆಯನ್ನು.

ಸೇವೆ ಮುಗಿಸಿದ ಯುದ್ಧವಿಮಾನದ, ಕಾಕ್‌ಪಿಟ್ ಇರುವ ಮೂತಿಯನ್ನಷ್ಟೇ ಉಳಿಸಿಕೊಂಡು, ಅದನ್ನು ನೆಲದ ಮೇಲೇ ‘ಹಾರುವ’ ಸಿಮ್ಯುಲೇಟರ್ ಆಗಿಸುವ ಕಸುಬು ಈಗ ಹಲವು ದೇಶಗಳಲ್ಲಿ ಬೆಳೆದಿದೆ. ಇಂಗ್ಲೆಂಡಿನ ನ್ಯೂಅರ್ಕ್ ವಿಮಾನ ಸಂಗ್ರಹಾಲಯದಲ್ಲಿ ‘ಕಾಕ್‌ಪಿಟ್ ಫೆಸ್ಟ್’ ಎಂಬ ಜಾತ್ರೆಯೇ ನಡೆಯುತ್ತದೆ. ಆಸಕ್ತರು ತಾವು ದುರಸ್ತಿ ಮಾಡಿದ ಮೂತಿಗಳನ್ನು ಟ್ರೇಲರ್ ಮೇಲೆ ಹೇರಿಕೊಂಡು ಅಲ್ಲಿಗೆ ಬರುತ್ತಾರೆ. ಇಡೀ ವಿಮಾನಕ್ಕೆ ಹ್ಯಾಂಗರ್ ಬೇಕು. ಮೂತಿಗೆ ಕಾಲೇಜಿನ ವರ್ಕ್‌ಶಾಪಿನ ಒಂದು ಮೂಲೆ ಸಾಕು.

ಎಚ್ಚರ ಬೇಕಾದದ್ದು ಆರಂಭದಲ್ಲೇ. ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನದಲ್ಲಿ ಸಿಡಿಮದ್ದು ಇರುತ್ತದೆ. ಅದನ್ನು ತಜ್ಞರೇ ತೆಗೆದಿರಬೇಕು. ಕೆಲವು ಹಳೆಯ ಮಾಪಕಗಳ ಮುಳ್ಳು ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆತ ಬಣ್ಣ ಬಳಿದಿರುತ್ತಾರೆ. ಅಂಥವನ್ನು ಬಿಚ್ಚುವಂತಿಲ್ಲ, ಕೆರೆಯುವಂತಿಲ್ಲ.

ನಿಜವಾದ ಪಾಠ ಶುರುವಾಗುವುದು ಮುಳ್ಳುಗಳಿಂದ. ಎತ್ತರ ತೋರಿಸುವ ಮಾಪಕ ವಿದ್ಯುತ್ತಿನಿಂದಲ್ಲ, ಗಾಳಿಯ ಒತ್ತಡದಿಂದ ನಡೆಯುತ್ತದೆ. ವಿಮಾನ ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಒಳಗಿನ ಪುಟ್ಟ ಲೋಹದ ಡಬ್ಬಿ ಉಬ್ಬುತ್ತದೆ, ಮುಳ್ಳು ತಿರುಗುತ್ತದೆ. ತರಗತಿಯಲ್ಲಿ ಒತ್ತಡ ಬದಲಾಗುವುದೇ ಇಲ್ಲವಲ್ಲ! ಹಾಗಾಗಿ ಡಬ್ಬಿಯ ಜಾಗಕ್ಕೆ ಚಿಕ್ಕ ಸ್ಟೆಪರ್ ಮೋಟಾರ್ ಕೂರಿಸಿ, ಅದನ್ನು ತಿರುಗಿಸಲು ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಜೋಡಿಸುತ್ತಾರೆ. ಕಂಪ್ಯೂಟರಿನಲ್ಲಿ ಹಾರಾಟವನ್ನು ಅನುಕರಿಸುವ ಫ್ಲೈಟ್‌ಗಿಯರ್‌ನಂಥ ಉಚಿತ, ಮುಕ್ತ ತಂತ್ರಾಂಶ ಓಡುತ್ತಿರುತ್ತದೆ. ಅದು ಲೆಕ್ಕ ಹಾಕಿದ ಎತ್ತರ ಬೋರ್ಡ್‌ಗೆ ತಲುಪಿ, ವರ್ಷಗಳಿಂದ ನಿಂತಿದ್ದ ಮುಳ್ಳು ಮೆಲ್ಲಗೆ ಓಡುತ್ತದೆ. ಈ ಕೆಲಸ ಮಾಡಿದ ಹುಡುಗಿಗೆ ವಾಯುಒತ್ತಡದ ಅಧ್ಯಾಯವನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಕೋಲಿನ ಬುಡಕ್ಕೆ ಸೆನ್ಸರ್ ಬೇಕು, ಸ್ವಿಚ್ಚುಗಳಿಗೆ ಹೊಸ ತಂತಿ ಬೇಕು. ವಿಮಾನದ ಉಪಕರಣಗಳು ಕೇಳುವುದು 28 ವೋಲ್ಟ್ ನೇರ ವಿದ್ಯುತ್ ಅಥವಾ 400 ಹರ್ಟ್ಸ್ ಪರ್ಯಾಯ ವಿದ್ಯುತ್. ನಮ್ಮ ಗೋಡೆಯ ಪ್ಲಗ್ ಕೊಡುವುದು 50 ಹರ್ಟ್ಸ್. ಅಲ್ಲಿಗೆ ಎಲೆಕ್ಟ್ರಿಕಲ್ ವಿಭಾಗದವರನ್ನೂ ಕರೆಯಲೇಬೇಕು.

ಕೈಗೆ ಸಿಕ್ಕಿದ್ದರಲ್ಲೇ ವಿಮಾನ ಕಟ್ಟುವುದು ಈ ವಿದ್ಯೆಯ ಹುಟ್ಟುಗುಣ. ಅಮೆರಿಕದ ಬಿಂಗಮ್ಟನ್ ಊರಿನ ಎಡ್ವಿನ್ ಲಿಂಕ್ ಎಂಬಾತನ ತಂದೆಯದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ಅಲ್ಲಿನ ತಿದಿ, ಪಂಪುಗಳನ್ನೇ ಬಳಸಿ 1929ರ ಹೊತ್ತಿಗೆ ಆತ ಓಲಾಡುವ, ತಿರುಗುವ ಪುಟ್ಟ ವಿಮಾನವೊಂದನ್ನು ಮಾಡಿದ. ಮೊದಮೊದಲು ಅದು ಮನರಂಜನಾ ಪಾರ್ಕುಗಳ ಆಟಿಕೆಯಾಯಿತು. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸಲು ಹೋಗಿ, ಕೆಟ್ಟ ಹವಾಮಾನದಲ್ಲಿ ಕೆಲವೇ ವಾರಗಳಲ್ಲಿ ಹಲವು ಪೈಲಟ್‌ಗಳನ್ನು ಕಳೆದುಕೊಂಡಿತು. ಆಮೇಲೆ ಪೈಲಟ್‌ಗಳ ತರಬೇತಿಗೆಂದು ‘ಲಿಂಕ್ ಟ್ರೇನರ್’ ಎಂಬ ಹೆಸರಿನ ಇದೇ ಯಂತ್ರಗಳನ್ನು ಆರು ಖರೀದಿಸಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಮಂದಿ ಕಲಿತದ್ದು ಅದರಲ್ಲೇ.

ಬೆಂಗಳೂರಿಗೆ ಈ ಲೋಕ ಹೊಸದಲ್ಲ. ಭಾರತವೇ ರೂಪಿಸಿದ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲು ಹಾರಿದ್ದು ಇಲ್ಲಿ. ಎಚ್‌ಎಎಲ್ ಸಂಗ್ರಹಾಲಯಕ್ಕೆ ಹೋದರೆ ಅದನ್ನು ಹತ್ತಿರದಿಂದ ನೋಡಬಹುದು.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಾಯುಪಡೆಗೆ ವಿದಾಯ ಹೇಳಿತು, 62 ವರ್ಷಗಳ ಸೇವೆಯ ಬಳಿಕ. ನಿವೃತ್ತ ವಿಮಾನಗಳನ್ನು ವೃತ್ತಗಳಲ್ಲಿ ಕಂಬದ ಮೇಲೆ ನಿಲ್ಲಿಸುವುದು ನಮ್ಮ ರೂಢಿ. ಬಿಸಿಲು ಮಳೆಗೆ ಅವುಗಳ ಬಣ್ಣ ಮಾಸುತ್ತದೆ, ಒಳಗೇನಿದೆ ಎಂದು ಯಾರೂ ಇಣುಕಲಾರರು. ಅವುಗಳಲ್ಲಿ ಒಂದೆರಡರ ಮೂತಿಯನ್ನಾದರೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ, ಐಟಿಐಗಳ ಮಕ್ಕಳ ಕೈಗೆ ಕೊಡಲಿ.