ನಾಲ್ಕು ಕಣಿವೆ ದಾಟುವ ನೀರು

ವೆನಿಸ್ ನಗರದ ಮಹಾಕಾಲುವೆಯ ಉದ್ದ ಸುಮಾರು 3.8 ಕಿಲೋಮೀಟರ್. ಅದನ್ನು ನೋಡಲು ಪ್ರಪಂಚದ ಮೂಲೆಮೂಲೆಯಿಂದ ಜನ ವಿಮಾನ ಹತ್ತಿ ಬರುತ್ತಾರೆ. ದೋಣಿಯ ಮೇಲೆ ನಿಂತ ಗೈಡ್ ಒಂದೊಂದು ಅರಮನೆಯ ಚರಿತ್ರೆಯನ್ನೂ ಬಿಡದೆ ಹೇಳುತ್ತಾನೆ. ಆಂಸ್ಟರ್‌ಡಾಂ ಊರಿನ ಕಾಲುವೆಗಳನ್ನೆಲ್ಲ ಕೂಡಿಸಿದರೆ ನೂರು ಕಿಲೋಮೀಟರಿನ ಆಜುಬಾಜಿಗೆ ಬರುತ್ತದೆ. ಅವುಗಳ ನಡುವಿನ ಹಳೆಯ ಬಳಸುಕಾಲುವೆಗಳ ಪ್ರದೇಶವನ್ನು 2010ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಬನ್ನಿ. ಆನೈಮಲೈ ಬೆಟ್ಟಗಳ ಬುಡದ ಸರ್ಕಾರ್‌ಪತಿಯಿಂದ ತಿರುಮೂರ್ತಿ ಅಣೆಕಟ್ಟಿನವರೆಗೆ ಬರುವ ಕಾಲುವೆಯೊಂದೇ 49.3 ಕಿಲೋಮೀಟರ್. ಅಲ್ಲಿಂದ ಬಯಲಿಗೆ ಹೊರಡುವ ಪರಂಬಿಕುಳಂ ಮುಖ್ಯ ಕಾಲುವೆ 124 ಕಿಲೋಮೀಟರ್. ಎರಡೇ ಕಾಲುವೆ ಸೇರಿ 173 ಕಿಲೋಮೀಟರ್ ಮೀರಿತು. ಉಪಕಾಲುವೆ, ಹೊಲಗಾಲುವೆಗಳನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಈ ನೀರಿಗಾಗಿಯೇ ಟಿಕೆಟ್ ಕೊಂಡು ಬರುವವರು ಇಲ್ಲ. ಬರುವವರೆಲ್ಲ ಹುಲಿಗಾಗಿ, ಕಾಡೆಮ್ಮೆಗಾಗಿ, ತೇಗದ ಮರಕ್ಕಾಗಿ ಬರುತ್ತಾರೆ. ಪರಂಬಿಕುಳಂ ಹುಲಿ ಸಂರಕ್ಷಿತ ಪ್ರದೇಶ ಇರುವುದು ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ. ಆದರೆ ಕೇರಳದವರೂ ಅಲ್ಲಿಗೆ ಹೋಗಬೇಕೆಂದರೆ ತಮಿಳುನಾಡಿಗೆ ಇಳಿದು, ಪೊಳ್ಳಾಚಿ, ಸೇತುಮಡೈ, ಟಾಪ್‌ಸ್ಲಿಪ್ ದಾಟಿಕೊಂಡು ಮತ್ತೆ ಕೇರಳದೊಳಕ್ಕೆ ಹೊಗಬೇಕು. ಗಾಡಿ ಓಡುವ ದಾರಿ ಅದೊಂದೇ. ಆನಪ್ಪಾಡಿಯಲ್ಲಿ ಅರಣ್ಯ ಇಲಾಖೆಯ ಬಸ್ಸು ಹತ್ತಿದರೆ ಜೊತೆಗೆ ಗೈಡ್ ಇರುತ್ತಾರೆ. ಇವರಲ್ಲಿ ಎಷ್ಟೋ ಜನ ಆ ಕಾಡಿನಲ್ಲೇ ಹುಟ್ಟಿದ ಕಾಡರ್, ಮಲಸರ್, ಮುದುವರ್ ಮನೆಗಳ ಮಕ್ಕಳು. ಜಿಂಕೆಯ ಕಿವಿ ಆಡಿದ್ದನ್ನು ನಮಗಿಂತ ಮೊದಲು ಕಂಡು ಬಸ್ಸು ನಿಲ್ಲಿಸುವವರು. ಕನ್ನಿಮಾರ ಎಂಬ ತೇಗದ ಮರದ ಬಳಿ ಇಳಿಸಿ, ಕೈ ಕೈ ಹಿಡಿದು ತಬ್ಬಿಕೊಳ್ಳಿ ನೋಡೋಣ ಎನ್ನುತ್ತಾರೆ. ಸುತ್ತಳತೆ ಏಳು ಮೀಟರಿಗೂ ಒಂದಿಷ್ಟು ಹೆಚ್ಚು. ನಾಲ್ಕು ಜನ ತೋಳು ಚಾಚಿದರೂ ಕೈಗೆ ಕೈ ಎಟುಕುವುದು ಕಷ್ಟ, ಐದನೆಯವರನ್ನು ಕರೆಯಬೇಕು. ಎತ್ತರ ಸುಮಾರು 40 ಮೀಟರ್, ವಯಸ್ಸು ನಾನೂರೈವತ್ತರ ಸುಮಾರು ಎಂದು ಅಂದಾಜು. ಆ ತೊಗಟೆಗೆ ಕೆನ್ನೆ ತಾಗಿಸಿ ನಿಂತರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ, ಸುಳ್ಳಲ್ಲ. ಅಲ್ಲಿಂದ ಬಸ್ಸು ಅಣೆಕಟ್ಟಿನ ನೋಟ ಕಾಣುವ ತಿರುವಿಗೆ ಬರುತ್ತದೆ. ಎಲ್ಲರೂ ನೀರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡು ಮತ್ತೆ ಹತ್ತಿ ಕೂರುತ್ತಾರೆ.

ನನ್ನ ಹಂಬಲವೆಲ್ಲ ಆ ತಿರುವಿನ ಬಗ್ಗೆಯೇ. ಬೆನ್ನ ಹಿಂದಿನ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂದು ಅಲ್ಲಿ ಹತ್ತು ನಿಮಿಷ ಯಾರಾದರೂ ಹೇಳಬೇಕು. ಮರದ ಮುಂದೆ ಬಾಯಿ ಬಿಟ್ಟವರು ನೀರಿನ ಲೆಕ್ಕ ಕೇಳಿದರೆ ಬಸ್ಸು ಹತ್ತುವುದನ್ನೇ ಮರೆತಾರು.

ವಾಲ್ಪಾರೈ ಘಟ್ಟದ ಮೇಲೆ ಚಿನ್ನಕಲ್ಲಾರ್ ಎಂಬ ಜಾಗವಿದೆ, ತಮಿಳುನಾಡಿನ ಆಗುಂಬೆ ಎನ್ನಬಹುದು. ಆ ಕಡೆಯ ಮಳೆ ನೀರಾರ್ ಹೊಳೆಗೆ ಬೀಳುತ್ತದೆ. ಹೊಳೆಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಇಡಮಲಯಾರ್ ಸೇರಿ, ಪೆರಿಯಾರ್ ಸೇರಿ, ಅರಬ್ಬಿ ಸಮುದ್ರಕ್ಕೆ ಹೋಗುತ್ತಿತ್ತು. ಅಡ್ಡಕಟ್ಟೆ ಕಟ್ಟಿ, ಬೆಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆದು, ಅದನ್ನು ಶೋಲಯಾರ್ ಜಲಾಶಯಕ್ಕೆ ತಿರುಗಿಸಿದ್ದಾರೆ. ಶೋಲಯಾರ್ ಚಾಲಕ್ಕುಡಿ ನದಿಯ ಕಣಿವೆಗೆ ಸೇರಿದ್ದು. ಅಂದರೆ ನೀರು ಒಂದು ನದಿಯ ಮನೆಯಿಂದ ಇನ್ನೊಂದು ನದಿಯ ಮನೆಗೆ ಬಂದಾಯಿತು. ಅಲ್ಲಿಂದ ವಿದ್ಯುತ್ ಮನೆಯ ಚಕ್ರ ತಿರುಗಿಸಿ ಪರಂಬಿಕುಳಕ್ಕೆ, ಮತ್ತೊಂದು ಸುರಂಗದಲ್ಲಿ ತೂಣಕ್ಕಡವಿಗೆ. ಪಕ್ಕದ ಪೆರುವಾರಿಪಳ್ಳಂ ಜಲಾಶಯ ಅಲ್ಲಿಗೇ ಕೂಡಿಕೊಂಡಿದೆ. ತೂಣಕ್ಕಡವಿನಿಂದ ಬೆಟ್ಟ ತೂರಿ ಸರ್ಕಾರ್‌ಪತಿ ವಿದ್ಯುತ್ ಮನೆಗೆ ಇಳಿಯುವಾಗ ಅದು ಭಾರತಪ್ಪುಳ ನದಿಯ ಕಣಿವೆಗೆ ಕಾಲಿಡುತ್ತದೆ. 49.3 ಕಿಲೋಮೀಟರಿನ ಕಾಲುವೆ ಹಿಡಿದು ತಿರುಮೂರ್ತಿಗೆ ಬಂದ ಮೇಲೂ ಅದು ಭಾರತಪ್ಪುಳದ್ದೇ. ಮುಖ್ಯ ಕಾಲುವೆಯಲ್ಲಿ ಪಲ್ಲಡಂ, ಕಾಂಗೇಯಂ ಕಡೆಗೆ ಸಾಗಿ ಹೊಲಕ್ಕೆ ನುಗ್ಗಿದಾಗ, ನೆಲ ನೊಯ್ಯಲ್ ಮತ್ತು ಅಮರಾವತಿಯ ಕಡೆಗೆ ಇಳಿಜಾರು. ಅವೆರಡೂ ಕಾವೇರಿಯ ಉಪನದಿಗಳು! ಪೆರಿಯಾರ್, ಚಾಲಕ್ಕುಡಿ, ಭಾರತಪ್ಪುಳ, ಕಾವೇರಿ: ಒಂದೇ ಹನಿ ನಾಲ್ಕು ನದಿಗಳ ಕಣಿವೆ ದಾಟಿತು. ಅರಬ್ಬಿ ಸಮುದ್ರಕ್ಕೆಂದು ಹುಟ್ಟಿದ ನೀರು ಹೊಲದಲ್ಲಿ ಬಸಿದು ಬಂಗಾಳಕೊಲ್ಲಿಯ ದಾರಿ ಹಿಡಿಯಿತು. ಇಷ್ಟು ದೂರಕ್ಕೂ ಪಂಪು ಇಲ್ಲ, ಎತ್ತುವುದಿಲ್ಲ, ನೀರು ಇಳಿಜಾರಿನಲ್ಲೇ ಬರುತ್ತದೆ.

ಶೋಲಯಾರ್ ಅಣೆಕಟ್ಟನ್ನು ನಮ್ಮ ಕನ್ನಂಬಾಡಿ ಕಟ್ಟೆಯ ಪಕ್ಕ ನಿಲ್ಲಿಸಿ ನೋಡಿ. ಕನ್ನಂಬಾಡಿಯ ಎತ್ತರ ಸುಮಾರು 130 ಅಡಿ, ಶೋಲಯಾರಿನದು ಸುಮಾರು 345 ಅಡಿ. ಎರಡೂವರೆ ಪಟ್ಟಿಗಿಂತ ಹೆಚ್ಚು. ಆದರೆ ಕನ್ನಂಬಾಡಿ 49 ಟಿಎಂಸಿ ಹಿಡಿದರೆ ಶೋಲಯಾರ್ ಹಿಡಿಯುವುದು ಐದೂಕಾಲು ಟಿಎಂಸಿಯ ಸುಮಾರು, ಒಂಬತ್ತರಲ್ಲಿ ಒಂದು ಪಾಲು. ಕಡಿದಾದ ಘಟ್ಟದ ಕಣಿವೆ ಎಂದರೆ ಹಾಗೆಯೇ, ಆಳ ಕೊಡುತ್ತದೆ, ಹರವು ಕೊಡುವುದಿಲ್ಲ. ಆ ಆಳವೇ ಇಲ್ಲಿನ ಬಂಡವಾಳ. ಶೋಲಯಾರ್ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 3,290 ಅಡಿ, ಪರಂಬಿಕುಳಂ ತುಂಬಿದಾಗ ಸುಮಾರು 1,825 ಅಡಿ. ನಡುವಿನ 1,400 ಅಡಿ ಚಿಲ್ಲರೆ ಇಳಿತದಲ್ಲಿ ವಿದ್ಯುತ್ ಹುಟ್ಟುತ್ತದೆ, ಕೆಳಗೆ ನೀರು ಹಾಗೇ ಉಳಿಯುತ್ತದೆ.

ನೀರನ್ನು ಹೀಗೆ ತಿರುಗಿಸುವ ಇಡೀ ಯೋಜನೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅಣೆಕಟ್ಟುಗಳಲ್ಲ, ಆ 49.3 ಕಿಲೋಮೀಟರಿನ ಕಾಲುವೆ. ಸರ್ಕಾರ್‌ಪತಿಯಿಂದ ನೀರನ್ನು ತಗ್ಗಿನಲ್ಲಿರುವ ಆಳಿಯಾರ್ ಜಲಾಶಯಕ್ಕೆ ಇಳಿಸುವುದು ಸುಲಭವಿತ್ತು. ಆಳಿಯಾರ್ ತುಂಬಿದ ಮಟ್ಟ ಸುಮಾರು 1,050 ಅಡಿ, ತಿರುಮೂರ್ತಿಯದು ಸುಮಾರು 1,337. ಒಮ್ಮೆ ಆಳಿಯಾರಿಗೆ ಇಳಿದ ನೀರನ್ನು ಮತ್ತೆ 280 ಅಡಿಗೂ ಹೆಚ್ಚು ಮೇಲೆತ್ತದೆ ತಿರುಮೂರ್ತಿಗೆ ತರಲಾಗುವುದಿಲ್ಲ. ಅದಕ್ಕೇ ಕಾಲುವೆ ಎತ್ತರವನ್ನು ಜಿಪುಣತನದಿಂದ ಖರ್ಚು ಮಾಡುತ್ತ, ಬೆಟ್ಟದ ಒಂದೊಂದು ಮಡಿಕೆಯನ್ನೂ ಬಳಸಿ, ಹಳ್ಳ ಬಂದಲ್ಲಿ ಮೇಲುಗಾಲುವೆ ಕಟ್ಟಿಸಿಕೊಂಡು, ಆಳಿಯಾರನ್ನು ಕೆಳಗೆ ಬಿಟ್ಟು ಮುಂದೆ ಹೋಗುತ್ತದೆ. ಪೊಳ್ಳಾಚಿಯಿಂದ ವಾಲ್ಪಾರೈಗೆ ನಲವತ್ತು ತಿರುವಿನ ಘಟ್ಟ ಹತ್ತುವವರು ಆಳಿಯಾರ್ ಅಣೆಕಟ್ಟಿನ ಉದ್ಯಾನದಲ್ಲಿ ಇಳಿದು, ದೋಣಿ ಹತ್ತಿ, ಕರಿದ ಮೀನು ತಿಂದು ಹೊರಡುತ್ತಾರೆ. ಅದೇ ಬೆಟ್ಟದ ಓರೆಯಲ್ಲಿ, ಅವರ ತಲೆಗಿಂತ ಎಷ್ಟೋ ಎತ್ತರದಲ್ಲಿ, ಬೇರೊಂದು ನದಿ ಹರಿಯುತ್ತಿರುತ್ತದೆ. ವೆನಿಸ್ಸಿನ ಮಹಾಕಾಲುವೆಯನ್ನು ಅದರ ಮೇಲೆ ಜೋಡಿಸಿದರೆ ಹೆಚ್ಚುಕಡಿಮೆ ಹದಿಮೂರು ಸಲ ಹಿಡಿಯುತ್ತದೆ.

ನೀರಿನ ಮೊತ್ತಕ್ಕೆ ಬರೋಣ. ಕೇರಳದೊಂದಿಗಿನ ಒಪ್ಪಂದದಲ್ಲಿ ತಮಿಳುನಾಡಿಗೆ ಬರೆದಿರುವ ಪಾಲು ವರ್ಷಕ್ಕೆ 30.5 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಅದನ್ನು 30.5ರಿಂದ ಗುಣಿಸಿ 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 237 ಕೋಟಿ ಲೀಟರ್. ಬೆಂಗಳೂರಿಗೆ ಕಾವೇರಿಯ ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ ಬರುವುದು 145 ಕೋಟಿ ಲೀಟರ್, 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತ ಕೂಡಿಸುವುದು 77.5 ಕೋಟಿ. ಐದೂ ಹಂತ ಸೇರಿ 222.5 ಕೋಟಿ. ಅಂದರೆ ಕೋಟಿ ದಾಟಿದ ಜನರ ಮಹಾನಗರಕ್ಕೆ ತೊರೆಕಾಡನಹಳ್ಳಿಯಿಂದ ಹಗಲೂ ರಾತ್ರಿ ಪಂಪ್ ಮಾಡುವ ಅಷ್ಟೂ ನೀರಿಗಿಂತ ಹೆಚ್ಚಿನ ಪಾಲನ್ನು ಈ ಬೆಟ್ಟಗಳ ಸಣ್ಣ ಹೊಳೆಗಳ ಮೇಲೆ ಕಾಗದದಲ್ಲಿ ಬರೆದಿದ್ದಾರೆ. ಮಳೆ ಕೈಕೊಟ್ಟ ವರ್ಷ ಅಷ್ಟು ಸಿಗುವುದಿಲ್ಲ, ಅದು ಬೇರೆ ಮಾತು.

ಯೋಜನೆಯ ಅತಿ ದೊಡ್ಡ ಕಣಜ ಪರಂಬಿಕುಳಂ, 17.8 ಟಿಎಂಸಿ. ಅದು ಕೇರಳದ ನೆಲದಲ್ಲಿದೆ, ನಡೆಸುವುದು ತಮಿಳುನಾಡಿನ ಎಂಜಿನಿಯರುಗಳು. ಸೆಕೆಂಡಿಗೆ ಸಾವಿರ ಘನ ಅಡಿಯಂತೆ ಬಿಟ್ಟರೆ ಒಂದು ಟಿಎಂಸಿ ಹೊರಹೋಗಲು ಹನ್ನೊಂದೂವರೆ ದಿನ ಬೇಕು, ಕಣಜ ಪೂರ್ತಿ ಬರಿದಾಗಲು ಸುಮಾರು ಏಳು ತಿಂಗಳು. ಕಾಲುವೆ ನೀರನ್ನು ಸಾಗಿಸುವುದು ಈ ನಿಧಾನದಲ್ಲಿ. 2022ರ ಸೆಪ್ಟೆಂಬರ್ 21ರ ನಸುಕಿನಲ್ಲಿ ಇದೇ ಅಣೆಕಟ್ಟಿನ ಮೂರು ಗೇಟುಗಳಲ್ಲಿ ಒಂದು ಕಿತ್ತುಹೋಯಿತು. ಸೆಕೆಂಡಿಗೆ ಸುಮಾರು 20,000 ಘನ ಅಡಿ ನೀರು ಧುಮ್ಮಿಕ್ಕಿತು. ಆ ಲೆಕ್ಕದಲ್ಲಿ ಒಂದು ಟಿಎಂಸಿ ಹೋಗಲು ಹದಿನಾಲ್ಕು ಗಂಟೆ ಸಾಕು. ನೀರು ಹೋದದ್ದು ಎಲ್ಲಿಗೆ? ಚಾಲಕ್ಕುಡಿ ಹೊಳೆ ಹಿಡಿದು ಪಡುವಣಕ್ಕೆ, ಅಣೆಕಟ್ಟು ಏಳುವ ಮೊದಲು ಹೋಗುತ್ತಿದ್ದ ದಾರಿಗೇ. ಹೊಳೆಯ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಈ ಕಡೆ ಪೊಳ್ಳಾಚಿ, ಉಡುಮಲೈ ರೈತರು ಮುಂದಿನ ಬೆಳೆಯ ನೀರು ಕಣ್ಣೆದುರೇ ಸಮುದ್ರದ ಪಾಲಾಗುವುದನ್ನು ಕೇಳಿ ಕೈ ಕೈ ಹಿಸುಕಿಕೊಂಡರು.

ಪರಂಬಿಕುಳದ ಮರ ಕೂಡ ಒಂದು ಕಾಲಕ್ಕೆ ಪಡುವಣಕ್ಕೇ ಹೋಗುತ್ತಿತ್ತು. ಕೊಚ್ಚಿ ಸಂಸ್ಥಾನ ಈ ಕಾಡಿನಿಂದ ಚಾಲಕ್ಕುಡಿವರೆಗೆ ಸುಮಾರು 80 ಕಿಲೋಮೀಟರ್ ಟ್ರಾಂ ಹಳಿ ಹಾಕಿ 1907ರಿಂದ ತೇಗ ಸಾಗಿಸಿತು. ಇಳಿಜಾರಿನಲ್ಲಿ ತುಂಬಿದ ಬಂಡಿಯ ಭಾರವೇ ಬರಿದಾದ ಬಂಡಿಯನ್ನು ಮೇಲೆಳೆಯುತ್ತಿತ್ತು. ಆ ಟ್ರಾಂ ಈಗಿಲ್ಲ. 1961ರ ಅಕ್ಟೋಬರಿನಲ್ಲಿ ಜವಾಹರಲಾಲ್ ನೆಹರೂ ಬಂದು ನೀರನ್ನು ಮೂಡಣಕ್ಕೆ ತಿರುಗಿಸುವ ಕೆಲಸಕ್ಕೆ ಚಾಲನೆ ಕೊಟ್ಟರು. ಕಾಮರಾಜ್ ಆಗ ಮದ್ರಾಸಿನ ಮುಖ್ಯಮಂತ್ರಿ, ಪೊಳ್ಳಾಚಿ ಸೀಮೆಯ ಮಗ ಸಿ. ಸುಬ್ರಮಣ್ಯಂ ಅವರ ಸಂಪುಟದ ಮಂತ್ರಿ.

ಕಾವೇರಿ ಜಗಳವನ್ನು ಕೇಳುತ್ತಲೇ ಬೆಳೆದ ನಮಗೆ ಇಲ್ಲಿನ ದಿನಾಂಕಗಳು ನಂಬಲಾರದಂಥವು. ಎರಡು ರಾಜ್ಯಗಳ ಒಪ್ಪಂದಕ್ಕೆ ರುಜು ಬಿದ್ದದ್ದು 1970ರ ಮೇ 29ರಂದು. ಆದರೆ ಅದು ಜಾರಿಗೆ ಬಂದ ದಿನವೆಂದು ಬರೆದುಕೊಂಡದ್ದು 1958ರ ನವೆಂಬರ್ 9. ನಡುವಿನ ಹನ್ನೊಂದೂವರೆ ವರ್ಷ ಮಾತಿನ ಭರವಸೆಯ ಮೇಲೆ ಬೆಟ್ಟ ಕೊರೆದರು, ಅಣೆಕಟ್ಟು ಕಟ್ಟಿದರು, ಆಳಿಯಾರಿನಲ್ಲಿ ನೀರು ನಿಲ್ಲಿಸಿದರು. ಕೇರಳಕ್ಕೆ ಶೋಲಯಾರಿನಿಂದ 12.3, ಆಳಿಯಾರಿನ ಕೆಳಗೆ ಮಣಕ್ಕಡವಿನಲ್ಲಿ 7.25, ಒಟ್ಟು 19.55 ಟಿಎಂಸಿ ಸಲ್ಲಬೇಕು. ತಕರಾರು ಇಲ್ಲವೆಂದಲ್ಲ, ಪ್ರತಿ ಬೇಸಗೆಯಲ್ಲೂ ಕೇರಳದ ಚಿತ್ತೂರಿನ ರೈತರ ಕೂಗು ಕೇಳುತ್ತದೆ. ಆದರೂ ಅರವತ್ತು ವರ್ಷದಿಂದ ನೀರು ಎರಡೂ ಕಡೆ ಹರಿಯುತ್ತಿದೆ.

ಇಷ್ಟೆಲ್ಲ ಪಾಡು ಪಟ್ಟು ತಂದ ನೀರು ತಿರುಮೂರ್ತಿಯಲ್ಲಿ ಬಂದು ನಿಲ್ಲುತ್ತದೆ. ಉಡುಮಲೈಯಿಂದ ಅಮಣಲಿಂಗೇಶ್ವರನ ದರ್ಶನಕ್ಕೆ ಬಂದವರು ಮೇಲೆ ಪಂಚಲಿಂಗ ಜಲಪಾತ ನೋಡಿ, ಅಣೆಕಟ್ಟಿನ ಏರಿಯ ಮೇಲೂ ಒಂದು ಸುತ್ತು ಹಾಕುತ್ತಾರೆ. ಅಲ್ಲಿ ನಿಂತು ಒಂದು ಲೆಕ್ಕ ಹಾಕಿ. ಜಲಾಶಯ ಹಿಡಿಯುವುದು 1.9 ಟಿಎಂಸಿ. ಅದನ್ನು ನಂಬಿದ ಅಚ್ಚುಕಟ್ಟು 3.77 ಲಕ್ಷ ಎಕರೆ. ತುಂಬಿದ ಜಲಾಶಯವನ್ನು ಅಷ್ಟೂ ಹೊಲದ ಮೇಲೆ ಸಮನಾಗಿ ಸುರಿದರೆ ನಿಲ್ಲುವ ನೀರು ಒಂದೂವರೆ ಇಂಚು ಕೂಡ ಇಲ್ಲ. ಹೆಬ್ಬೆರಳು ಮುಳುಗದು! ಆದ್ದರಿಂದ ಮೇಲಿನಿಂದ ಬರುತ್ತಲೇ ಇರಬೇಕು, ಕೆಳಗೆ ಬಿಡುತ್ತಲೇ ಇರಬೇಕು. ಎಲ್ಲರಿಗೂ ಒಟ್ಟಿಗೆ ಕೊಡುವುದು ಆಗದ ಮಾತೆಂದು ಅಚ್ಚುಕಟ್ಟನ್ನು ನಾಲ್ಕು ಮಂಡಲವಾಗಿ ಒಡೆದಿದ್ದಾರೆ. ಒಂದೊಂದಕ್ಕೆ ತೊಂಬತ್ತು ಸಾವಿರ ಎಕರೆಯ ಮೇಲೆ ಬೀಳುತ್ತದೆ. ಒಂದು ಮಂಡಲಕ್ಕೆ ನೀರು ಬಿಟ್ಟರೆ ಅದರ ಸರದಿ ಮತ್ತೆ ಬರಲು ಎರಡು ವರ್ಷ ಕಾಯಬೇಕು. ಆ ಎರಡು ವರ್ಷದಲ್ಲಿ ಒಂದು ಬೆಳೆಯ ನೀರು, ಅದೂ ಪಾಳಿಯ ಪ್ರಕಾರ ತೂಬು ಎತ್ತಿ ಇಳಿಸಿ.

ಪೊಳ್ಳಾಚಿ ಸುತ್ತಿನ ತೆಂಗಿನ ತೋಟಗಳು ಈ ನೀರಿನ ಸಮೃದ್ಧಿಯ ಮುಖ. ಅಲ್ಲಿನ ಎಳನೀರು ಲಾರಿ ಏರಿ ಉತ್ತರದ ಊರುಗಳವರೆಗೆ ಹೋಗುತ್ತದೆ. ಕಾಲುವೆಯ ಕೊನೆಯ ಕಡೆಗೆ, ಕಾಂಗೇಯಂ, ವೆಳ್ಳಕೋವಿಲ್ ಸೀಮೆಗೆ ಹೋದರೆ ಮುಖ ಬೇರೆ. ವರ್ಷಕ್ಕೆ 700 ಮಿಲಿಮೀಟರ್ ಮಳೆಯನ್ನೂ ನೆಚ್ಚಲಾಗದ ನೆಲ, ಮುಳ್ಳುಗಿಡದ ಬೇಲಿಯ ಹುಲ್ಲುಗಾವಲು, ಗಿಡ್ಡ ಕೊರಳಿನ ಕಾಂಗೇಯಂ ದನ. 124 ಕಿಲೋಮೀಟರಿನ ಕಾಲುವೆಯಲ್ಲಿ ಮೇಲಿನವರು ಒಂದಿಷ್ಟು ಹೆಚ್ಚು ಎಳೆದುಕೊಂಡರೂ, ದಂಡೆಯ ಬಾವಿಗಳಿಗೆ ಕಳ್ಳ ಪೈಪು ಬಿದ್ದರೂ, ಅದರ ಪೆಟ್ಟು ಬೀಳುವುದು ಇವರಿಗೆ. ಪಾಲಿನ ನೀರು ತಲುಪಲಿಲ್ಲವೆಂದು ಇವರು ಬೀದಿಗಿಳಿದದ್ದು ಒಂದೆರಡು ಸಲವಲ್ಲ, ಕೋರ್ಟು ಹತ್ತಿದ್ದೂ ಉಂಟು. ಅಚ್ಚುಕಟ್ಟು ಮೊದಲು ಇಷ್ಟು ದೊಡ್ಡದಿರಲಿಲ್ಲ, ಆಮೇಲೆ ಹಿಗ್ಗಿಸಿದ್ದು. ಹೊಳೆಗಳು ಮಾತ್ರ ಹಿಗ್ಗಲಿಲ್ಲ. ಆನೈಮಲೈಯಾರ್ ಮತ್ತು ನಲ್ಲಾರ್ ಹೊಳೆಗಳ ನೀರನ್ನೂ ಇದಕ್ಕೆ ಜೋಡಿಸಿ ಎಂಬ ಬೇಡಿಕೆ ದಶಕಗಳಿಂದ ಹಾಗೇ ನಿಂತಿದೆ. 2019ರ ಸೆಪ್ಟೆಂಬರಿನಲ್ಲಿ ಎರಡೂ ರಾಜ್ಯದ ಮುಖ್ಯಮಂತ್ರಿಗಳು ತಿರುವನಂತಪುರದಲ್ಲಿ ಕೂತು ಮಾತಾಡಿದರು, ಸಮಿತಿಗಳಾದವು. ಒಪ್ಪಂದವನ್ನು ಮೂವತ್ತು ವರ್ಷಕ್ಕೊಮ್ಮೆ ಮರಳಿ ನೋಡಬೇಕೆಂಬ ಷರತ್ತು 1970ರ ಕಾಗದದಲ್ಲೇ ಇದೆ. 1958ರಿಂದ ಎಣಿಸಿದರೆ ಮೊದಲ ಗಡುವು ಬಂದದ್ದು 1988ರಲ್ಲಿ.