ಉದುರಿದ್ದೋ, ತುಂಡಾದದ್ದೋ?

ಬಾಚಣಿಗೆಗೆ ಸಿಕ್ಕಿಕೊಂಡ ಕೂದಲೊಂದನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣ ಬಿಳಿ ಗಂಟು ಕಂಡರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ಗಂಟಿಲ್ಲದೆ ಗಿಡ್ಡಗಿದ್ದರೆ ಅದು ನಡುವೆ ತುಂಡಾದದ್ದು. ಎರಡಕ್ಕೂ ಕಾರಣ ಬೇರೆ, ಆರೈಕೆಯೂ ಬೇರೆ.

ಕೂದಲಿನ ಮೇಲ್ಪದರ ಮಂಗಳೂರು ಹಂಚಿನ ಮಾಡಿನ ಹಾಗೆ. ಸಣ್ಣ ಸಣ್ಣ ಪದರಗಳು ಒಂದರ ಮೇಲೊಂದು, ತುದಿಯತ್ತ ಮುಖಮಾಡಿ ಹೊದ್ದುಕೊಂಡಿರುತ್ತವೆ. ಬ್ಲೀಚು, ಸ್ಟ್ರೈಟ್ನರಿನ ಬಿಸಿ, ಸುಡುಬಿಸಿಲು, ಒರಟು ಟವೆಲಿನ ಉಜ್ಜಾಟ ಎಲ್ಲವೂ ಸೇರಿ ಈ ಹಂಚುಗಳನ್ನು ಎಬ್ಬಿಸುತ್ತವೆ. ಹಂಚು ಹಾರಿತೆಂದರೆ ಒಳಗಿನ ಕೆರಾಟಿನ್ ಎಳೆಗಳು ಬಯಲಿಗೆ ಬಿದ್ದು ತುದಿ ಕವಲೊಡೆಯುತ್ತದೆ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎಂದಮೇಲೆ 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಐದು ವರ್ಷ ವಯಸ್ಸು. ಐದು ಬೇಸಿಗೆ ಕಂಡ ಆ ತುದಿಗೆ ಜೀವವಿಲ್ಲ, ಗಾಯದಂತೆ ಅದು ತಾನಾಗಿ ಮಾಯುವುದಿಲ್ಲ. ಕಂಡಿಷನರ್ ಎದ್ದ ಪದರಗಳನ್ನು ಕೂರಿಸಿ ನುಣುಪು ಕೊಡುತ್ತದೆ, ಸಿಕ್ಕು ತಗ್ಗಿಸುತ್ತದೆ; ಆದರೆ ಕವಲೊಡೆದ ತುದಿಗೆ ಕತ್ತರಿಯೇ ಮದ್ದು. ಹಾಗೇ ಬಿಟ್ಟರೆ ಸೀಳು ಮೇಲಕ್ಕೇರುತ್ತದೆ.

ಹಾಗಾಗಿ ತುಂಡಾಗದಂತೆ ಕಾಯುವುದೇ ನಿಜವಾದ ರಿಪೇರಿ. ನಮ್ಮಜ್ಜಿ ತಲೆ ಬಾಚುವಾಗ ಕೂದಲಿನ ನಡುವನ್ನು ಎಡಮುಷ್ಟಿಯಲ್ಲಿ ಬಿಗಿಹಿಡಿದು, ಮೊದಲು ತುದಿಯ ಸಿಕ್ಕು ಬಿಡಿಸುತ್ತಿದ್ದರು. ಆಮೇಲೆ ನಾಲ್ಕು ಬೆರಳು ಮೇಲೆ, ಮತ್ತೆ ನಾಲ್ಕು ಬೆರಳು ಮೇಲೆ. ಬುಡಕ್ಕೆ ಬಾಚಣಿಗೆ ಹೋಗುತ್ತಿದ್ದುದು ಕೊನೆಗೆ. ನಾನು ಅವಸರ ಮಾಡಿದರೆ, ‘ಎಳೆದ್ರೆ ಗಂಟು ಬಿಗಿಯಾಗತ್ತೆ ಪುಟ್ಟಿ, ಬಿಡಿಸಬೇಕು’ ಎನ್ನುತ್ತಿದ್ದರು. ತಲೆಗೆ ನೀರು ಹಾಕಿಕೊಂಡ ದಿನ ಅರ್ಧ ಆರುವವರೆಗೂ ಬಾಚಣಿಗೆ ಮುಟ್ಟಗೊಡುತ್ತಿರಲಿಲ್ಲ. ಒದ್ದೆ ಕೂದಲು ಹೆಚ್ಚು ಹಿಗ್ಗಿ ಬೇಗ ಹರಿಯುತ್ತದೆಂಬುದು ಅವರ ಕೈಗೆ ಗೊತ್ತಿತ್ತು.

ಎಣ್ಣೆನೀರಿನ ಪದ್ಧತಿಗೂ ಆಧಾರವಿದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿತು. ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನೊಳಕ್ಕೆ ಇಳಿಯಬಲ್ಲದು. ಸ್ನಾನಕ್ಕೆ ಮುಂಚೆ ಹಚ್ಚಿಕೊಂಡರೆ ಲಾಭ ಹೆಚ್ಚು.

ಒದ್ದೆ ಕೂದಲನ್ನು ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ಒರೆಸಿ, ಜಾಡಿಸಬೇಡಿ. ಆರದ ಕೂದಲಿಗೆ ಸ್ಟ್ರೈಟ್ನರ್ ತಾಗಿಸಬೇಡಿ. ಒಳಗಿನ ನೀರು ಆವಿಯಾಗಿ ಕೂದಲಲ್ಲೇ ಗುಳ್ಳೆ ಏಳುತ್ತದೆ. ಬರಿಯ ರಬ್ಬರ್ ಬ್ಯಾಂಡಿಗಿಂತ ಬಟ್ಟೆ ಸುತ್ತಿದ್ದು ಮೇಲು. ಶಾಲೆಗೆ ಹೋಗುವ ಮಗಳ ಎರಡು ಜಡೆ, ಹಣೆಯ ಚರ್ಮ ಜಗ್ಗುವಷ್ಟು ಬಿಗಿ ಬೇಡ. ಮಕ್ಕಳ ತಲೆಯಲ್ಲಿ ಒಂದೇ ಕಡೆ ಕೂದಲು ತುಂಡಾಗುತ್ತಿದ್ದರೆ ಶಿಲೀಂಧ್ರದ ಸೋಂಕಿರಬಹುದು, ದೊಡ್ಡವರಲ್ಲಿ ಕೂದಲು ದಿಢೀರನೆ ಒರಟಾದರೆ ಥೈರಾಯ್ಡ್ ತೊಂದರೆಯಿರಬಹುದು. ಆಗ ವೈದ್ಯರನ್ನು ಕಾಣಿ.

ಕತ್ತರಿಸಿದ ತುದಿಗಾಗಿ ಮರುಗಬೇಡಿ. ಇಂದು ಬುಡದಲ್ಲಿ ಹುಟ್ಟುವ ಕೂದಲು ಐದು ವರ್ಷ ಕಳೆದು ಜಡೆಯ ತುದಿಯಾಗುತ್ತದೆ. ಅದರ ಆರೈಕೆ ನಾಳೆ ಬೆಳಗಿನ ಬಾಚಣಿಗೆಯಿಂದಲೇ ಶುರುವಾಗಲಿ.